ಲಿವರ್ ಬಯಾಪ್ಸಿ ಮಾಡಿಸಿ ಅದೇ ಸಂಜೆ ಕೊಡಗಿಗೆ ವಾಪಸ್ ಬರಬಹುದಾ?

ಓದುಗರ ಪ್ರಶ್ನೆ:

"ಡಾಕ್ಟ್ರೇ, ನನಗೆ 46 ವರ್ಷ. ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆರು ತಿಂಗಳಿಂದ ಸುಸ್ತು, ಮಂಡಿ ನೋವು. ರಕ್ತ ಪರೀಕ್ಷೆಯಲ್ಲಿ ಲಿವರಿನ ಉರಿಯೂತ ತೋರಿಸುವ ಎಸ್‌ಜಿಪಿಟಿ 280 ಬಂತು. ತಿಂಗಳು ಬಿಟ್ಟು ಮಾಡಿಸಿದರೆ 310. ಕಾಮಾಲೆ ಇಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಎಎನ್‌ಎ ಪಾಸಿಟಿವ್, ಐಜಿಜಿ ಜಾಸ್ತಿ ಇದೆ. ಮೈಸೂರಿನ ಡಾಕ್ಟರು ಆಟೋಇಮ್ಯೂನ್ ಹೆಪಟೈಟಿಸ್ ಇರಬಹುದು, ಲಿವರ್ ಬಯಾಪ್ಸಿ ಬೇಕು, ಬೆಳಿಗ್ಗೆ ಬಂದರೆ ಸಂಜೆ ಮನೆಗೆ ಹೋಗಬಹುದು ಅಂದರು. ನಮ್ಮ ಅತ್ತಿಗೆ ಬೇಡವೇ ಬೇಡ ಅಂತಾರೆ. ಲಿವರಿಗೆ ಸೂಜಿ ಹಾಕಿದರೆ ತೂತು ಮುಚ್ಚಲ್ಲವಂತೆ, ಏನಾದರೂ ಗಂಟಿದ್ದರೆ ಎಲ್ಲ ಕಡೆ ಹರಡುತ್ತದಂತೆ. ನನಗೆ ನೋವಿನದೇ ಭಯ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಲು ಆಗಲ್ವಾ? ಬಿಪಿ ಮಾತ್ರೆ ಜೊತೆ ಎಕೋಸ್ಪ್ರಿನ್ 75 ತಗೋತೀನಿ. ಮಂಡಿಗೆ ನೋವಿನ ಮಾತ್ರೆ. ಕೋವಿಡ್ ಕಾಲದಿಂದ ಅಮೃತಬಳ್ಳಿ ಕಷಾಯ. ಮನೆಯಲ್ಲಿ ಮಾಡಿದ ವೈನ್ ಹಬ್ಬಕ್ಕೆ ಒಂದು ಲೋಟ, ಅಷ್ಟೇ. ಯಜಮಾನರೇ ಜೀಪು ಓಡಿಸಿಕೊಂಡು ಕರೆದುಕೊಂಡು ಹೋಗ್ತಾರೆ. ಈಗ ಮಳೆ ಬೇರೆ. ಹುತ್ತರಿ ಆಗಿ, ಕೊಯ್ಲು ಮುಗಿದ ಮೇಲೆ ಮಾಡಿಸಿದರೆ ಆಗುತ್ತಾ?"

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಯಾಪ್ಸಿ, ಅಂದರೆ ಸೂಜಿಯಿಂದ ಲಿವರಿನ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಿ. ಕೊಯ್ಲಿನವರೆಗೆ ಕಾಯಬೇಡಿ. ಆದರೆ ಅದೇ ಸಂಜೆ ನಾಪೋಕ್ಲುವಿಗೆ ಮಾತ್ರ ಹೊರಡಬೇಡಿ. ಒಂದು ರಾತ್ರಿ ಮೈಸೂರಿನಲ್ಲೇ ಇರಿ.

ಸೂಜಿ ಅಂದರೆ ಎಲ್ಲರಿಗೂ ಭಯ. ನೀವೂ ಅದನ್ನೇ ಬರೆದಿದ್ದೀರಿ. ಕೊಡಗಿನ ಕಡೆಯಿಂದ ಬರುವವರನ್ನು ಬಹಳ ಕಾಲದಿಂದ ನೋಡುತ್ತಿರುವ ನನಗೆ ಸೂಜಿಗಿಂತ ಆ ಮೇಲಿನ ರಾತ್ರಿಯದೇ ಚಿಂತೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಯಾಪ್ಸಿ ಯಾಕೆ ಬೇಕು ಅನ್ನುವುದು ಮೊದಲ ಮಾತು. ಎಷ್ಟೋ ಜನರಿಗೆ ಈಗ ಅದು ಬೇಕಾಗುವುದಿಲ್ಲ. ಫ್ಯಾಟಿ ಲಿವರ್ ಇರುವವರಿಗೆ, ಹೆಪಟೈಟಿಸ್ ಬಿ, ಸಿ ಇರುವವರಿಗೆ ರಕ್ತ ಪರೀಕ್ಷೆ, ಫೈಬ್ರೋಸ್ಕ್ಯಾನ್ ಇಷ್ಟರಲ್ಲೇ ಹೆಚ್ಚಿನ ಸಲ ಕೆಲಸ ಮುಗಿಯುತ್ತದೆ. ನಿಮ್ಮ ವಿಷಯ ಬೇರೆ. ಆಟೋಇಮ್ಯೂನ್ ಹೆಪಟೈಟಿಸ್ ಅಂದರೆ ದೇಹದ ರಕ್ಷಣೆಗೆ ಇರುವ ಕಣಗಳೇ ಲಿವರ್ ಮೇಲೆ ತಿರುಗಿಬೀಳುವುದು. ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಎಎನ್‌ಎ ಪಾಸಿಟಿವ್ ಬಂದ ಮಾತ್ರಕ್ಕೆ, ಅಂದರೆ ದೇಹದ ಕಣಗಳ ವಿರುದ್ಧ ದೇಹವೇ ಮಾಡಿದ ಪ್ರತಿಕಾಯ ರಕ್ತದಲ್ಲಿ ಸಿಕ್ಕ ಮಾತ್ರಕ್ಕೆ, ಇದೇ ಕಾಯಿಲೆ ಎನ್ನುವ ಹಾಗಿಲ್ಲ. ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಅದು ಪಾಸಿಟಿವ್ ಬರುತ್ತದೆ. ಇನ್ನು ಫೈಬ್ರೋಸ್ಕ್ಯಾನ್ ನೋಡುವುದು ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನುವುದನ್ನು ಮಾತ್ರ. ಯಾಕೆ ಗಟ್ಟಿಯಾಯಿತು ಎಂದು ಅದು ಹೇಳುವುದಿಲ್ಲ. ನಿಮ್ಮ ಹಾಗೆ ಒಳಗೆ ಉರಿಯೂತ ಜೋರಾಗಿದ್ದಾಗ ಅದು ಇರುವುದಕ್ಕಿಂತ ಜಾಸ್ತಿ ಗಟ್ಟಿ ಎಂದೇ ತೋರಿಸುತ್ತದೆ. ಈ ಕಾಯಿಲೆ ಎಂದು ತೀರ್ಮಾನವಾದರೆ ಸ್ಟೀರಾಯ್ಡ್, ಅದರ ಜೊತೆಗೆ ಅಜಥಯೋಪ್ರಿನ್ ಎಂಬ ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ. ಅಷ್ಟು ದೊಡ್ಡ ಚಿಕಿತ್ಸೆಗೆ ಕೈ ಹಾಕುವ ಮೊದಲು ಲಿವರ್ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನ್ಯಾಯ. ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಅಮೃತಬಳ್ಳಿಯ ಮಾತೂ ಇಲ್ಲೇ ಬರುತ್ತದೆ. ಕೋವಿಡ್ ನಂತರ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ಅಮೃತಬಳ್ಳಿ ತೆಗೆದುಕೊಂಡವರಿಗೆ ಲಿವರ್ ಉರಿಯೂತ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅದು ನೋಡಲು ಆಟೋಇಮ್ಯೂನ್ ಹೆಪಟೈಟಿಸ್ ತರಹವೇ ಇರುತ್ತದೆ. ಕೆಲವರಲ್ಲಿ ಒಳಗೆ ಅಡಗಿದ್ದ ಕಾಯಿಲೆಯನ್ನೇ ಅದು ಎಬ್ಬಿಸಿದೆ. ಕಷಾಯವನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತಪ್ಪದೆ ಹೇಳಿ. ಪರೀಕ್ಷೆಯ ಚೀಟಿಯಲ್ಲಿ ಈ ಮಾಹಿತಿ ಇದ್ದರೆ ಪೆಥಾಲಜಿಯವರು ಆ ದೃಷ್ಟಿಯಿಂದಲೂ ನೋಡುತ್ತಾರೆ. ಹಬ್ಬದ ವೈನ್ ವಿಷಯವನ್ನೂ ಇದ್ದ ಹಾಗೆ ಹೇಳಿಬಿಡಿ, ಸಂಕೋಚ ಬೇಡ. ಲಿವರ್ ಕಾಯಿಲೆ ಅಂದ ತಕ್ಷಣ ಕುಡಿತದ ಮೇಲೆ ಗೂಬೆ ಕೂರಿಸುವವರು ನಿಮ್ಮ ಕಡೆ ತುಂಬ ಜನ ಇದ್ದಾರೆ. ಆ ಮಾತಿಗೆ ಹೆದರಿ ಎಷ್ಟೋ ಹೆಂಗಸರು ಆಸ್ಪತ್ರೆಗೇ ಬರುವುದಿಲ್ಲ. ಅದು ನನಗೆ ನಿಜಕ್ಕೂ ನೋವಿನ ಸಂಗತಿ. ನೀವು ಬರೆದ ರಿಪೋರ್ಟು ನೋಡಿದರೆ ಅದು ಕುಡಿತದ ಲಿವರ್ ಅನ್ನಿಸುವುದಿಲ್ಲ.

ಈಗ ಅತ್ತಿಗೆಯವರ ಮಾತು. ತೂತು ಮುಚ್ಚುವುದಿಲ್ಲ ಎನ್ನುವುದು ಸುಳ್ಳು. ತೆಗೆಯುವ ತುಣುಕು ನೂಪುಟ್ಟಿನ (ಅಕ್ಕಿ ಶಾವಿಗೆಯ) ಒಂದು ಎಳೆಯಷ್ಟು ಸಣ್ಣ, ಎರಡು ಮೂರು ಸೆಂಟಿಮೀಟರ್ ಉದ್ದ. ಇಡೀ ಲಿವರಿನ ಸುಮಾರು 50 ಸಾವಿರದಲ್ಲಿ ಒಂದು ಪಾಲು. ಕತ್ತರಿಸಿದರೂ ಮತ್ತೆ ಬೆಳೆಯುವ ಅಂಗ ಅದು. ಆ ಸಣ್ಣ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಗಂಟು ಹರಡುತ್ತದೆ ಎನ್ನುವುದರಲ್ಲಿ ಸ್ವಲ್ಪ ಸತ್ಯ ಇದೆ, ಆದರೆ ಅದು ನಿಮಗೆ ಸಂಬಂಧಿಸಿದ್ದಲ್ಲ. ಲಿವರ್ ಕ್ಯಾನ್ಸರ್ ಗಡ್ಡೆಗೆ ಸೂಜಿ ಹಾಕಿದಾಗ ಅಪರೂಪಕ್ಕೆ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿದುಕೊಳ್ಳಬಹುದು. ಅದಕ್ಕೇ ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗಿ ಕೆಟ್ಟಿರುವ ಸ್ಥಿತಿ, ಇರುವವರಲ್ಲಿ ಸಿಟಿ, ಎಂಆರ್‌ಐ ನೋಡಿಯೇ ಎಷ್ಟೋ ಸಲ ಕ್ಯಾನ್ಸರ್ ಎಂದು ತೀರ್ಮಾನ ಮಾಡುತ್ತೇವೆ, ಬಯಾಪ್ಸಿಗೆ ಹೋಗುವುದಿಲ್ಲ. ನಿಮಗೆ ಯಾವ ಗಡ್ಡೆಯ ಅನುಮಾನವನ್ನೂ ಡಾಕ್ಟರು ಹೇಳಿಲ್ಲ. ಬಯಾಪ್ಸಿಗೆ ಮೊದಲು ಸ್ಕ್ಯಾನ್ ಹೇಗೂ ಮಾಡುತ್ತಾರೆ. ಗಡ್ಡೆ ಇಲ್ಲದ ಲಿವರಿನಿಂದ ಹರಡಲು ಏನೂ ಇಲ್ಲ. ಈ ಮಾತನ್ನು ಅತ್ತಿಗೆಯವರಿಗೂ ಓದಿ ಹೇಳಿ.

ಇನ್ನೊಂದು ಕಡೆ, "ಅಯ್ಯೋ, ಒಂದು ಇಂಜೆಕ್ಷನ್ ಅಷ್ಟೇ, ಗೊತ್ತೇ ಆಗಲ್ಲ" ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ನೋವು ಇರುತ್ತದೆ. ನೋವೇ ಆಗುವುದಿಲ್ಲ ಎಂದು ನಂಬಿ ಬಂದವರು ಸ್ವಲ್ಪ ನೋವಾದರೂ ಏನೋ ಕೆಟ್ಟದ್ದಾಯಿತು ಎಂದು ಗಾಬರಿಯಾಗುತ್ತಾರೆ. ಹಾಗಾಗಿ ಏನಾಗುತ್ತದೆ ಎಂದು ಒಂದೊಂದಾಗಿ ಹೇಳುತ್ತೇನೆ.

ನಿಮ್ಮನ್ನು ಅಂಗಾತ ಮಲಗಿಸಿ ಬಲಗೈಯನ್ನು ತಲೆಯ ಹಿಂದೆ ಇಡಲು ಹೇಳುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿ ಬಲಗಡೆ ಕೆಳಗಿನ ಪಕ್ಕೆಲುಬುಗಳ ಮಧ್ಯೆ ಜಾಗ ಗುರುತು ಮಾಡುತ್ತಾರೆ. ಚರ್ಮ ಜೋಮು ಹಿಡಿಸಲು ಲಿಗ್ನೊಕೇನ್ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಸೆಕೆಂಡ್ ಚುರ್ ಎನ್ನುವುದು ಇಲ್ಲೇ. ಆ ಔಷಧ ಲಿವರಿನ ಹೊರಪೊರೆಯ ತನಕ ಹೋಗಬೇಕು, ಕೆಲಸ ಮಾಡಲು ಒಂದೆರಡು ನಿಮಿಷವನ್ನೂ ಕೊಡಬೇಕು. ಲಿವರಿನ ಒಳಗಡೆ ನೋವಿನ ನರ ಇಲ್ಲ. ನೋವು ಗೊತ್ತಾಗುವುದು ಹೊರಪೊರೆಗೆ. ಆಮೇಲೆ ಉಸಿರು ಹೊರಗೆ ಬಿಟ್ಟು ಹಿಡಿದುಕೊಳ್ಳಿ ಎನ್ನುತ್ತಾರೆ. ಟಕ್ ಎಂದು ಒಂದು ಸದ್ದು. ಸೂಜಿ ಒಳಗೆ ಹೋಗಿ ಬರುವುದು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. 1958ರಲ್ಲಿ ಮೆಂಗಿನಿ ಎಂಬ ಇಟಲಿಯ ವೈದ್ಯರು ಸೂಜಿ ಒಂದೇ ಸೆಕೆಂಡು ಒಳಗಿರುವ ವಿಧಾನವನ್ನು ತೋರಿಸಿದ ಮೇಲೆಯೇ ಲಿವರ್ ಬಯಾಪ್ಸಿ ಇಷ್ಟು ಸುಲಭವಾದದ್ದು. ಸೂಜಿ ಒಳಗಿರುವ ಸಮಯ ಕಡಿಮೆಯಾದಷ್ಟೂ ಲಿವರ್ ಹರಿದುಹೋಗುವ ಅಪಾಯ ಕಡಿಮೆ.

ಪೂರ್ತಿ ಪ್ರಜ್ಞೆ ತಪ್ಪಿಸದಿರುವುದೂ ಇದೇ ಕಾರಣಕ್ಕೆ. ಉಸಿರು ಆಡಿದ ಹಾಗೆಲ್ಲ ಲಿವರ್ ಮೇಲೆ ಕೆಳಗೆ ಸರಿಯುತ್ತದೆ. ಆ ಹೊತ್ತಿಗೆ ನೀವು ಹೇಳಿದ ಹಾಗೆ ಉಸಿರು ಹಿಡಿದು ಅಲ್ಲಾಡದೆ ಇರಬೇಕು. ಮನೆಯಲ್ಲೇ ಮಲಗಿಕೊಂಡು ಅಭ್ಯಾಸ ಮಾಡಿ: ಉಸಿರು ಬಿಡಿ, ಹತ್ತು ಎಣಿಸುವ ತನಕ ಹಿಡಿಯಿರಿ. ಮಳೆಗಾಲದ ಕೆಮ್ಮು ಇದ್ದರೆ ಫೋನು ಮಾಡಿ ತಾರೀಕು ಮುಂದೆ ಹಾಕಿಸಿ. ಸೂಜಿ ಒಳಗಿದ್ದಾಗ ಕೆಮ್ಮು ಬರುವುದು ನಮಗೆ ಯಾರಿಗೂ ಬೇಡ. ಭಯ ತಡೆಯಲಾಗದಿದ್ದರೆ ಮಿಡಜೋಲಮ್ ಎಂಬ ಔಷಧವನ್ನು ಸ್ವಲ್ಪ ಕೊಡಬಹುದು. ಅದರಿಂದ ಎಚ್ಚರ ಇರುತ್ತದೆ, ಗಾಬರಿ ಇಳಿಯುತ್ತದೆ. ಅದನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಟಕ್ ಅನ್ನುವ ಸದ್ದನ್ನು ಮೊದಲೇ ಒಂದು ಸಲ ಕೇಳಿಸಿ ಅನ್ನಿ. ಸೂಜಿ ಹಾಕುವ ಮುಂಚೆ "ಈಗ" ಎಂದು ಹೇಳಿ ಅನ್ನಿ. ನರ್ಸ್ ಒಬ್ಬರು ಪಕ್ಕದಲ್ಲಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಳ್ಳಿ, ಕಾಲುಚೀಲ ಇರಲಿ. ಆ ಕೋಣೆಗಳು ತಣ್ಣಗಿರುತ್ತವೆ, ನಡುಗುತ್ತಾ ಉಸಿರು ಹಿಡಿಯುವುದು ಕಷ್ಟ. ಒಳಗೆ ಹೋಗುವ ಮುನ್ನ ಮೂತ್ರಕ್ಕೆ ಹೋಗಿಬನ್ನಿ, ಆಮೇಲೆ ಕೆಲವು ಗಂಟೆ ಏಳಲು ಬಿಡುವುದಿಲ್ಲ.

ಮುಗಿದ ಮೇಲೆ ಬಲಪಕ್ಕೆಯಲ್ಲಿ ಮಂದ ನೋವು ಬರುತ್ತದೆ. ಬಲ ಭುಜವೂ ನೋಯಬಹುದು. ಸೂಜಿ ಹಾಕಿದ್ದು ಪಕ್ಕೆಗೆ, ಭುಜ ಯಾಕೆ ನೋಯುತ್ತದೆ ಎಂದು ಜನ ಹೆದರುತ್ತಾರೆ. ಲಿವರಿನ ಮೇಲಿರುವ ವಪೆಗೂ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಭುಜಕ್ಕೂ ನರಗಳು ಕುತ್ತಿಗೆಯ ಹತ್ತಿರ ಒಂದೇ ಕಡೆಯಿಂದ ಬರುತ್ತವೆ. ಮೆದುಳಿಗೆ ಎರಡೂ ಒಂದೇ ಅನ್ನಿಸುತ್ತದೆ. ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಸಾಕು. ಲಿವರ್ ಕಾಯಿಲೆಯವರು ಅದನ್ನು ಮುಟ್ಟಲೇಬಾರದು ಎನ್ನುವುದು ತಪ್ಪು ತಿಳುವಳಿಕೆ. ದಿನಕ್ಕೆ 2 ಗ್ರಾಂ ಒಳಗಿದ್ದರೆ ಅದೇ ಸುರಕ್ಷಿತ. ಅಂದರೆ 500ರ ಮಾತ್ರೆ ನಾಲ್ಕು, 650ರದಾದರೆ ಮೂರು. ಅಷ್ಟಕ್ಕೆ ನೋವು ತಗ್ಗದಿದ್ದರೆ ವಾರ್ಡಿನಲ್ಲಿ ಹೇಳಿ, ಇದಕ್ಕಿಂತ ಬಲವಾದ ಔಷಧ ಇದೆ. ಹಲ್ಲು ಕಚ್ಚಿ ಸಹಿಸಿಕೊಂಡು ಸುಮ್ನೆ ಮಲಗಬೇಡಿ. ಜಾಸ್ತಿಯಾಗುತ್ತಾ ಹೋಗುವ ನೋವು ನಮಗೆ ಗೊತ್ತಾಗಲೇಬೇಕಾದ ಸುದ್ದಿ. ಬಲಮಗ್ಗುಲಲ್ಲೇ ಎರಡು ಗಂಟೆ ಮಲಗಿ ಎಂದು ಎಷ್ಟೋ ಕಡೆ ಹೇಳುತ್ತಾರೆ. ಅದು ಹಳೆಯ ರೂಢಿ, ಅದರಿಂದಲೇ ರಕ್ತ ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಹಾಗೆ ಮಲಗಿ ತುಂಬ ನೋವಾದರೆ ಅಂಗಾತ ಮಲಗಲೇ ಎಂದು ಕೇಳಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಲಿವರ್ ಮೂಲಕ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಸೂಜಿ ಹೋದ ದಾರಿ ಸಾಮಾನ್ಯವಾಗಿ ಕೂಡಲೇ ಮುಚ್ಚಿಕೊಳ್ಳುತ್ತದೆ. ಆದರೂ ಒಬ್ಬೊಬ್ಬರಿಗೆ ರಕ್ತ ಒಸರುತ್ತದೆ. ಸ್ವಲ್ಪ ಮಟ್ಟಿನದು ಸುಮಾರು 500ಕ್ಕೆ ಒಬ್ಬರಿಗೆ. ರಕ್ತ ಕೊಡಬೇಕಾಗುವಷ್ಟು ಜೋರಿನದು 2,500ರಿಂದ 10,000 ಜನರಲ್ಲಿ ಒಬ್ಬರಿಗೆ. ಜೀವಕ್ಕೆ ಅಪಾಯ ಆಗುವುದು ಸುಮಾರು 10,000ಕ್ಕೆ ಒಬ್ಬರಿಗೆ, ಅವರಲ್ಲೂ ಸಿರೋಸಿಸ್ ಮುಂದುವರಿದವರು, ಕ್ಯಾನ್ಸರ್ ಇರುವವರೇ ಜಾಸ್ತಿ. ನಿಮ್ಮ ವಯಸ್ಸಿಗೆ, ನಿಮ್ಮ ರಿಪೋರ್ಟಿಗೆ ಅಪಾಯ ಕಡಿಮೆ. ಆದರೆ ಹೊಟ್ಟೆಯೊಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ. ಪ್ಲಾಸ್ಟರ್ ಒಣಗಿಯೇ ಇರುತ್ತದೆ. ಮೊದಲು ನಾಡಿ ಜೋರಾಗುತ್ತದೆ, ಬಿಪಿ ಬೀಳುವುದು ಆಮೇಲೆ. ಅದಕ್ಕೇ ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ ನೋಡುತ್ತಾರೆ. ನಿದ್ದೆ ಕೆಡಿಸುತ್ತಾರೆ ಎಂದು ಬೇಸರ ಮಾಡಿಕೊಳ್ಳಬೇಡಿ.

ಇಟಲಿಯಲ್ಲಿ 68,276 ಬಯಾಪ್ಸಿಗಳ ಲೆಕ್ಕ ನೋಡಿ 1986ರಲ್ಲಿ ಒಂದು ವರದಿ ಬಂತು. ಅದರಲ್ಲಿ ತೊಂದರೆ ಆದವರ ಪೈಕಿ 61 ಶೇಕಡಾ ಜನರಿಗೆ ಅದು ಮೊದಲ ಎರಡು ಗಂಟೆಯಲ್ಲೇ ಆಗಿತ್ತು. 24 ಗಂಟೆಯೊಳಗೆ 96 ಶೇಕಡಾ. ನಿಮ್ಮನ್ನು ಮೂರು ನಾಲ್ಕು ಗಂಟೆ ನೋಡಿ ಮನೆಗೆ ಕಳಿಸಬಹುದು ಎನ್ನುವುದು ಈ ಮೊದಲ ಅಂಕಿಯ ಬಲದ ಮೇಲೆ. ಉಳಿದವರ ಪಾಲಿಗೆ ಆ ರಾತ್ರಿಯೇ ಮುಖ್ಯ. ಅದಕ್ಕೇ ಅಮೆರಿಕದ ವೈದ್ಯರು ದಿನದಲ್ಲೇ ಮುಗಿಸಿ ಕಳಿಸುವ ಬಯಾಪ್ಸಿಗೆ ಎರಡು ಷರತ್ತು ಹಾಕಿದರು. ಮೊದಲ ರಾತ್ರಿ ನಂಬಿಕೆಯವರು ಒಬ್ಬರು ಜೊತೆಗಿರಬೇಕು. ತೊಂದರೆ ಆದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ವಾಪಸ್ ಬರುವಂತಿರಬೇಕು.

ಈ ಅರ್ಧ ಗಂಟೆಯನ್ನು ಕೊಡಗಿನ ರಸ್ತೆಗೆ ಹಚ್ಚಿ ನೋಡಿ. ನಾಪೋಕ್ಲುವಿನಿಂದ ಮಡಿಕೇರಿಗೇ ಮುಕ್ಕಾಲು ಗಂಟೆ. ಅಲ್ಲಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಸುಮಾರು 120 ಕಿಲೋಮೀಟರ್. ಹಗಲು, ಮಳೆ ಇಲ್ಲದಾಗಲೇ ಎರಡೂವರೆ ಮೂರು ಗಂಟೆ ಬೇಕು. ರೈಲು ಇಲ್ಲ. ಮಂಗಳೂರಿಗೆ ಹೋಗೋಣ ಎಂದರೆ ಸಂಪಾಜೆ ಘಟ್ಟ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಬಂದ್ ಆಗಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ತಲೆ ಸುತ್ತು, ಹೊಟ್ಟೆ ನೋವು ಶುರುವಾದರೆ, ಹೊರಗೆ ಮಳೆ, ಕರೆಂಟು ಇಲ್ಲ, ಫೋನ್ ಸಿಗ್ನಲ್ ಇಲ್ಲ ಅಂದರೆ ಯಜಮಾನರು ಒಬ್ಬರೇ ಏನು ಮಾಡಬೇಕು? ಇದು ಹೆದರಿಸಲು ಹೇಳುವ ಮಾತಲ್ಲ. "ಸಂಜೆ ಮನೆಗೆ ಹೋಗಬಹುದು" ಎನ್ನುವುದು ಆಸ್ಪತ್ರೆಯ ಹತ್ತಿರ ಮನೆ ಇರುವವರಿಗೆ ಸರಿ. ನಿಮ್ಮ ಊರು ಎಲ್ಲಿದೆ ಎಂದು ಡಾಕ್ಟರಿಗೆ ಇನ್ನೊಮ್ಮೆ ಹೇಳಿ, ಅವರೂ ಬಹುಶಃ ಇದನ್ನೇ ಹೇಳುತ್ತಾರೆ.

ನಿಮಗಿರುವ ದಾರಿ ಮೂರು. ಹಗಲಿನಲ್ಲಿ ಮಾಡಿಸಿ ಆಸ್ಪತ್ರೆಗೆ ಹತ್ತಿರ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರಾತ್ರಿ ಉಳಿಯುವುದು ಒಂದು. ಮೈಸೂರಿನಲ್ಲಿ ನೆಂಟರಿಲ್ಲದ ಕೊಡಗಿನ ಮನೆ ಕಡಿಮೆ, ಅಲ್ವಾ? ಆದರೆ ಅವರ ಮನೆ ಹತ್ತಿರ ಇರಬೇಕು, ಗಾಡಿ ಇರಬೇಕು, ಯಜಮಾನರು ಅದೇ ಕೋಣೆಯಲ್ಲಿ ಮಲಗಬೇಕು. ಎರಡನೆಯದು ಒಂದು ರಾತ್ರಿ ಆಸ್ಪತ್ರೆಯಲ್ಲೇ ಅಡ್ಮಿಟ್ ಆಗುವುದು. ಖರ್ಚು ಸ್ವಲ್ಪ ಜಾಸ್ತಿ, ನಿದ್ದೆ ಕಡಿಮೆ. ನನ್ನನ್ನು ಕೇಳಿದರೆ, ಮಳೆಗಾಲದಲ್ಲಿ ನಾಪೋಕ್ಲುವಿನಿಂದ ಬರುವವರಿಗೆ ಇದನ್ನೇ ಹೇಳುತ್ತೇನೆ. ವಿಮೆ ಇದ್ದರೆ ಒಂದು ರಾತ್ರಿ ಅಡ್ಮಿಟ್ ಆದರೆ ಕ್ಲೇಮ್ ಸುಲಭವಾಗುತ್ತದಾ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮೂರನೆಯದು ಕುತ್ತಿಗೆಯ ರಕ್ತನಾಳದ ಮೂಲಕ ಲಿವರಿಗೆ ಹೋಗಿ ತುಣುಕು ತೆಗೆಯುವ ವಿಧಾನ. ರಕ್ತ ಬಂದರೂ ರಕ್ತನಾಳದೊಳಕ್ಕೇ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ರಕ್ತ ಹೆಪ್ಪುಗಟ್ಟದವರಿಗೆ ಅದು. ತುಣುಕು ಕೆಲವೊಮ್ಮೆ ಚಿಕ್ಕದಾಗಿರುತ್ತದೆ, ಖರ್ಚೂ ಹೆಚ್ಚು. ನಿಮ್ಮ ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದಾ ಎಂದು ತೋರಿಸುವ ಪರೀಕ್ಷೆಗಳು) ಸರಿ ಇದ್ದರೆ ಅದರ ಗೊಡವೆ ಬೇಡ. ಮಡಿಕೇರಿಯಲ್ಲೇ ಮಾಡಿಸಬಹುದೇ ಎಂದೂ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಎಲ್ಲೇ ಆಗಲಿ, ಒಂದು ಪ್ರಶ್ನೆ ಕೇಳಿ: ರಕ್ತ ನಿಲ್ಲದಿದ್ದರೆ ಆ ರಾತ್ರಿ ಯಾರು ನೋಡುತ್ತಾರೆ? ರಕ್ತನಿಧಿ, ಸರ್ಜನ್, ರಕ್ತನಾಳ ಮುಚ್ಚಬಲ್ಲ ರೇಡಿಯಾಲಜಿ ವೈದ್ಯರು, ಇವರೆಲ್ಲ ಇರುವ ಕಡೆ ಮಾಡಿಸಿ.

ಎಕೋಸ್ಪ್ರಿನ್ ಬಗ್ಗೆ. ಅದು ಆಸ್ಪಿರಿನ್ ಮಾತ್ರೆ, ಪ್ಲೇಟ್‌ಲೆಟ್ ಕೆಲಸವನ್ನು ತಡೆಯುತ್ತದೆ, ಪರಿಣಾಮ ಒಂದು ವಾರ ಇರುತ್ತದೆ. ಬಯಾಪ್ಸಿಗೆ ಒಂದು ವಾರದಿಂದ ಹತ್ತು ದಿನ ಮುಂಚೆ ನಿಲ್ಲಿಸಲು ಸಾಮಾನ್ಯವಾಗಿ ಹೇಳುತ್ತಾರೆ. ಹಾರ್ಟ್ ಅಟ್ಯಾಕ್ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ, ಪಾರ್ಶ್ವವಾಯು ಬಂದಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ, ಅದನ್ನು ಯಾಕೆ ತೆಗೆದುಕೊಳ್ಳುತ್ತಿದ್ದೀರಿ ಎನ್ನುವುದನ್ನೇ ಒಮ್ಮೆ ಕೇಳಿ. ಮಂಡಿ ನೋವಿನ ಮಾತ್ರೆಯ ಹೆಸರು ಬರೆದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಆಗಿದ್ದರೆ ಈಗಲೇ ನಿಲ್ಲಿಸಿ. ರಕ್ತ ನಿಲ್ಲುವುದಕ್ಕೂ ಅದು ಒಳ್ಳೆಯದಲ್ಲ, ಡೈಕ್ಲೋಫೆನಾಕ್ ಲಿವರಿಗೂ ಒಳ್ಳೆಯದಲ್ಲ. ಬಿಪಿ ಮಾತ್ರೆಯನ್ನು ಆ ದಿನ ತೆಗೆದುಕೊಳ್ಳಬೇಕಾ ಎಂದು ಕೇಳಿ ಇಟ್ಟುಕೊಳ್ಳಿ. ಪ್ಲೇಟ್‌ಲೆಟ್, ಐಎನ್‌ಆರ್ ರಿಪೋರ್ಟ್ ಹೊಸದಿರಬೇಕು, ಮೂರು ತಿಂಗಳ ಹಿಂದಿನದು ಆಗುವುದಿಲ್ಲ.

ಮನೆಗೆ ಬಂದ ಮೇಲೆ ಒಂದು ವಾರ ಭಾರ ಎತ್ತಬೇಡಿ. ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್, ನೀರಿನ ಕೊಡ ಯಾವುದೂ ಬೇಡ. ತೋಟದ ಹಾದಿಯಲ್ಲಿ ಜೀಪು ಎತ್ತಿ ಹಾಕುತ್ತದೆ, ಆ ಸವಾರಿಯೂ ವಾರ ಕಳೆದ ಮೇಲೆ. ಮರುದಿನದಿಂದ ಅಡುಗೆ, ಮನೆಯೊಳಗಿನ ಓಡಾಟಕ್ಕೆ ಅಡ್ಡಿ ಇಲ್ಲ. ನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ, ಚಳಿ ಜ್ವರ, ಟಾರಿನಂಥ ಕಪ್ಪು ಮಲ, ಕಣ್ಣು ಹಳದಿ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, "ಲಿವರ್ ಬಯಾಪ್ಸಿ ಆಗಿದೆ" ಎನ್ನುವುದನ್ನು ಬಾಗಿಲಲ್ಲೇ ಹೇಳಿ. ಡಿಸ್ಚಾರ್ಜ್ ಚೀಟಿಯ ಫೋಟೋ ಯಜಮಾನರ ಫೋನಿನಲ್ಲಿರಲಿ, ರಾತ್ರಿಯೂ ಎತ್ತುವ ವಾರ್ಡಿನ ನಂಬರು ಅದರ ಮೇಲಿರಲಿ. ಆಸ್ಪತ್ರೆಯವರು ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಬಯಾಪ್ಸಿ ಕೊಡವ ತಿಂಗಳು ಕಕ್ಕಡದ 18ರ ಆಸುಪಾಸು, ಅಂದರೆ ಆಗಸ್ಟ್ 3ರ ಹತ್ತಿರ ಬಂದರೆ, ಈ ವರ್ಷ ಮದ್ದು ಸೊಪ್ಪಿನ ಪಾಯಸ ಬೇಡ. ಅದು ತಿಂದರೆ ಮೂತ್ರ ಕೆಂಪಾಗುವುದು ನಿಮಗೆ ಗೊತ್ತು. ಮೂತ್ರದ ಬಣ್ಣ ನಮಗೆ ಕಾಮಾಲೆಯ ಸುಳಿವು, ಅದು ಗೊಂದಲವಾಗುವುದು ಬೇಡ.

ಕೊನೆಯದಾಗಿ ಕೊಯ್ಲಿನ ಪ್ರಶ್ನೆ. ಹುತ್ತರಿ ಮುಗಿದು, ರೋಬಸ್ಟಾ ಕೊಯ್ಲೂ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಅಷ್ಟು ದಿನ ಎಸ್‌ಜಿಪಿಟಿ 300ರ ಮೇಲೆ ಇರಲು ಬಿಡುವುದು ಸರಿಯಲ್ಲ. ಔಷಧ ಕೊಡದೆ ಬಿಟ್ಟ ಆಟೋಇಮ್ಯೂನ್ ಹೆಪಟೈಟಿಸ್ ಸದ್ದಿಲ್ಲದೆ ಸಿರೋಸಿಸ್ ಕಡೆಗೆ ಹೋಗುತ್ತದೆ. ಸಮಯಕ್ಕೆ ಔಷಧ ಶುರು ಮಾಡಿದ ಹೆಚ್ಚಿನವರಲ್ಲಿ ಉರಿಯೂತ ಹಿಡಿತಕ್ಕೆ ಬರುತ್ತದೆ. ಎಕೋಸ್ಪ್ರಿನ್ ನಿಲ್ಲಿಸಿದ ಪರಿಣಾಮ ಆಗಲು, ಕೆಮ್ಮು ಹೋಗಲು, ಮಳೆಯ ಆರ್ಭಟ ಇಳಿಯಲು ಎರಡು ವಾರ ಕಾದರೆ ತೊಂದರೆ ಇಲ್ಲ. ಆ ಎರಡು ವಾರದ ಒಳಗೆ ಕಣ್ಣು ಹಳದಿಯಾದರೆ, ವಾಂತಿ ಹೆಚ್ಚಾದರೆ, ನಿದ್ದೆಯ ಮಂಪರು ಬಂದರೆ ಕಾಯದೆ ಹೊರಡಿ. ಫಲಿತಾಂಶ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ಅದನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಯಜಮಾನರ ಜೊತೆ ಹೋಗಿ, ತುಣುಕು ಸಾಕಷ್ಟು ಉದ್ದ ಸಿಕ್ಕಿತ್ತಾ, ಅಮೃತಬಳ್ಳಿಯಿಂದ ಆಗಿರಬಹುದಾ, ಸಿರೋಸಿಸ್ ಶುರುವಾಗಿದೆಯಾ ಎಂದು ಮೂರೂ ಕೇಳಿಕೊಂಡು ಬನ್ನಿ.